ಸದ್ದಿಲ್ಲದ ಸಂಸಾರಿ

ಮನೆಯ ಸಾಮಾನುಗಳಿಗೆ ಮುಪ್ಪು ಬರುವುದು ಎರಡು ಬಗೆಯಲ್ಲಿ. ಒರಳು ಸವೆಯುವುದು, ಕೊಡ ತೂತಾಗುವುದು, ಛತ್ರಿಯ ಕಡ್ಡಿ ಮುರಿಯುವುದು ಒಂದು ಬಗೆ. ಇದು ಪ್ರಕೃತಿಧರ್ಮ, ಇದಕ್ಕಾಗಿ ಯಾರೂ ಕೊರಗುವುದಿಲ್ಲ. ಕೈಕಾಲು ಗಟ್ಟಿಯಾಗಿರುವಾಗಲೇ, ‘ನಿಮಗೆ ವಯಸ್ಸಾಯಿತು, ನಾಳೆಯಿಂದ ಬರುವುದು ಬೇಡ’ ಎಂದು ಕಚೇರಿಯವರು ಹಾರ ಹಾಕಿ ಕಳುಹಿಸಿಕೊಡುವರಲ್ಲ, ಅದು ಎರಡನೆಯ ಬಗೆ. ಮನೆಯ ಗಣಕಯಂತ್ರಕ್ಕೆ ಬರುವ ಮುಪ್ಪು ಬಹುಮಟ್ಟಿಗೆ ಈ ಎರಡನೆಯ ಜಾತಿಯದು. 2015ರಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಬೇಕೆಂದವರಿಗೆ ಇನ್ನೊಂದು ವರ್ಷದ ರಕ್ಷಣೆಯ ಏರ್ಪಾಡನ್ನೂ ಮಾಡಿತೆನ್ನಿ. ಅದು ಮುಂದೂಡಿಕೆಯೇ ಹೊರತು ಪರಿಹಾರವಲ್ಲ. ಮುಂದಿನ ಅವತಾರವಾದ ವಿಂಡೋಸ್ 11 ಹೊಸ ತಲೆಮಾರಿನ ಪ್ರೊಸೆಸರನ್ನೂ ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ಪನ್ನೂ ಕೇಳುತ್ತದೆ. ಹೀಗಾಗಿ ಮಗಳ ಪಾಠಕ್ಕೂ ಮನೆಯ ಲೆಕ್ಕಕ್ಕೂ ಅಜ್ಜಿಯ ದೇವರನಾಮಕ್ಕೂ ಸಮನಾಗಿ ದುಡಿಯುತ್ತಿದ್ದ ಯಂತ್ರ ಕುಳಿತಲ್ಲಿಯೇ ನಿವೃತ್ತವಾಯಿತು. ಅದು ಈಗಲೂ ಓಡುತ್ತದೆ. ಬಾಗಿಲ ಚಿಲಕ ಸಡಿಲವಾದರೆ ಸರಿಪಡಿಸಲು ಬಡಗಿ ಬರುವುದಿಲ್ಲ, ಅಷ್ಟೆ.

ಗುಜರಿಯವನನ್ನು ಕರೆಯಬೇಕೆನ್ನುವಷ್ಟರಲ್ಲಿ ಗೃಹಸ್ಥನ ಕಿವಿಗೆ ಲಿನಕ್ಸ್ ಎಂಬ ಹೆಸರು ಬೀಳುತ್ತದೆ. ಈ ಹೆಸರಿನ ಹಿಂದೆ ಒಂದು ಸೊಗಸಾದ ಕಥೆಯುಂಟು. 1991ರ ಆಗಸ್ಟ್ ತಿಂಗಳಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ಲಿನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿ ಲೋಕಕ್ಕೆ ತಿಳಿಸಿದ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿ, ಎಲ್ಲರೂ ಸ್ವತಂತ್ರವಾಗಿ ಬಳಸಬಹುದಾದ ಉಪಕರಣಗಳನ್ನು ಅದಕ್ಕೆ ಮೊದಲೇ ಕೂಡಿಹಾಕತೊಡಗಿದ್ದ. ಆತನಲ್ಲಿ ಪಾತ್ರೆಪಡಗಗಳೆಲ್ಲ ಇದ್ದವು, ಒಲೆ ಸಿದ್ಧವಾಗಿರಲಿಲ್ಲ. ಈ ಹುಡುಗ ಒಲೆ ಹೂಡಿದ. 1992ರಲ್ಲಿ ಟೋರ್ವಾಲ್ಡ್ಸ್ ತನ್ನ ಕೃತಿಯನ್ನು ಸ್ಟಾಲ್ಮನ್ನನ ಪರವಾನಗಿಯ ಕೆಳಗೇ ತಂದ. ಅದರ ಸಾರವಿಷ್ಟೆ: ಯಾರು ಬೇಕಾದರೂ ಒಳಗನ್ನು ನೋಡಬಹುದು, ತಿದ್ದಬಹುದು, ಹಂಚಬಹುದು, ಹಂಚುವವನು ತಾನು ಪಡೆದ ಹಕ್ಕನ್ನು ಪಡೆಯುವವನಿಗೂ ಕೊಡಬೇಕು.

ಆದರೆ ಲಿನಕ್ಸ್ ಎಂಬುದು ನಿಜವಾಗಿ ತಿರುಳು ಮಾತ್ರ. ಅದಕ್ಕೆ ಪರದೆ, ಕಡತಗಳ ಕಪಾಟು, ಬರೆಯುವ ಸಾಧನ, ಹಾಡು ಕೇಳಿಸುವ ಸಾಧನ ಎಲ್ಲವನ್ನೂ ಕೂಡಿಸಿ, ಉಪಯೋಗಕ್ಕೆ ಬರುವಂತೆ ಕಟ್ಟಿಕೊಡುವುದಕ್ಕೆ ವಿತರಣೆ ಎಂದು ಹೆಸರು. ಹುಡುಗರ ಬಾಯಲ್ಲಿ ಅದು ಡಿಸ್ಟ್ರೋ. ಅಕ್ಕಿ ಒಂದೇ; ಬಿಸಿಬೇಳೆಭಾತು, ಪುಳಿಯೋಗರೆ, ಚಿತ್ರಾನ್ನ ಬೇರೆ ಬೇರೆ. ಇಂಥ ವಿತರಣೆಗಳು ನೂರಾರು ಇವೆ ಎಂದು ತಿಳಿದೊಡನೆ ಗೃಹಸ್ಥನ ಉತ್ಸಾಹ ಅರ್ಧ ಇಳಿಯುತ್ತದೆ. ಎದೆಗುಂದಬೇಕಾದ್ದಿಲ್ಲ. ದೊಡ್ಡ ಮನೆತನಗಳು ಕೆಲವೇ. ಅವುಗಳ ಸ್ವಭಾವ ತಿಳಿದರೆ ಸಾಕು.

ಡೆಬಿಯನ್ ಇವರಲ್ಲಿ ಹಿರಿಯ. 1993ರಲ್ಲಿ ಇಯಾನ್ ಮರ್ಡಾಕ್ ಎಂಬಾತ ಹುಟ್ಟುಹಾಕಿದ್ದು. ಪ್ರೇಯಸಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಜೋಡಿಸಿ ನಾಮಕರಣ ಮಾಡಿದ. ಇದನ್ನು ನಡೆಸುವವರು ಲೋಕದ ನಾನಾ ಕಡೆಯ ಸ್ವಯಂಸೇವಕರು. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ. ಒಂದೊಂದಕ್ಕೂ ಮೂರು ವರ್ಷ ಪೂರ್ಣ ಆರೈಕೆ, ಆಮೇಲೆ ಎರಡು ವರ್ಷ ದೀರ್ಘ ಪೋಷಣೆ. ಹೊಸದೆಂಬ ಕಾರಣಕ್ಕೆ ಯಾವುದನ್ನೂ ಒಳಗೆ ಬಿಟ್ಟುಕೊಳ್ಳದ ಮಡಿವಂತ ಇದು. ಈ ಮಡಿವಂತನೂ ತನ್ನ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಎಂಬ ಮಕ್ಕಳ ಚಿತ್ರದ ಗೊಂಬೆಗಳ ಹೆಸರಿಡುತ್ತಾನೆಂದರೆ ಹಿರಿಯರಲ್ಲಿಯೂ ಹುಡುಗಾಟ ಇಲ್ಲದಿಲ್ಲವೆಂದು ತಿಳಿಯುತ್ತದೆ. ಉಬುಂಟು ಇವನ ಮಗ. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಇದನ್ನು ಹೊರತಂದ. ಎರಡು ವರ್ಷಕ್ಕೊಮ್ಮೆ ಬರುವ ಇದರ ದೀರ್ಘಾವಧಿ ಆವೃತ್ತಿಗೆ ಐದು ವರ್ಷದ ಪೋಷಣೆ. ಮೊಮ್ಮಗ ಮಿಂಟ್, 2006ರಲ್ಲಿ ಹುಟ್ಟಿದ್ದು. ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಮೆನು; ವಿಂಡೋಸಿಗೆ ಕೈ ಪಳಗಿದವರು ಬಂದು ಕುಳಿತರೆ ಪರಸ್ಥಳವೆನಿಸುವುದಿಲ್ಲ. ಬೇರೊಂದು ಮನೆತನದ ಫೆಡೋರಾ 2003ರದು. ಸುಮಾರು ಆರು ತಿಂಗಳಿಗೊಮ್ಮೆ ಹೊಸ ಉಡುಪು, ಹಳೆಯದಕ್ಕೆ ಹದಿಮೂರು ತಿಂಗಳಷ್ಟೇ ಆಯುಷ್ಯ. 2002ರ ಆರ್ಚ್, ಅತಿಥಿಯ ಕೈಗೆ ಬಾಣಲೆ ಸೌಟುಗಳನ್ನು ಕೊಟ್ಟು, ‘ಅಡಿಗೆಮನೆ ಅಲ್ಲಿದೆ’ ಎಂದು ತೋರಿಸುವ ಆತಿಥೇಯ. ಕಲಿಯುವ ಹಂಬಲವುಳ್ಳವನಿಗೆ ಅದಕ್ಕಿಂತ ಒಳ್ಳೆಯ ಗುರುಕುಲವಿಲ್ಲ. ಹಸಿದು ಬಂದವನಿಗೆ ಅದು ಊಟದ ಮನೆಯಲ್ಲ.

ಇಷ್ಟು ತಿಳಿದ ಮೇಲೆ ಒಂದು ರೋಗದ ಭಯವುಂಟು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುವುದನ್ನೇ ಹವ್ಯಾಸ ಮಾಡಿಕೊಂಡ ಜನರಿರುತ್ತಾರೆ. ಒಂದರಲ್ಲಿ ನೀರು ಚೆನ್ನ, ಗಾಳಿಯಿಲ್ಲ. ಇನ್ನೊಂದರಲ್ಲಿ ಗಾಳಿ ಚೆನ್ನ, ನೆರೆ ಸರಿಯಿಲ್ಲ. ಗಂಟು ಬಿಚ್ಚಿ ಕಟ್ಟುವುದರಲ್ಲಿಯೇ ಆಯುಷ್ಯ ಸವೆಯುತ್ತದೆ. ಲಿನಕ್ಸಿನ ಹೊಸ ಭಕ್ತನೂ ಹೀಗೆಯೇ ಪ್ರತಿ ಶನಿವಾರ ಒಂದು ವಿತರಣೆಯನ್ನು ಅಳಿಸಿ ಇನ್ನೊಂದನ್ನು ನಿಲ್ಲಿಸುತ್ತಾನೆ. ಒಂದು ಶನಿವಾರ ಅಳಿಸಬಾರದ್ದೂ ಅಳಿಸಿಹೋಗುತ್ತದೆ. ಸೋಮವಾರ ಮಗಳು ತನ್ನ ಪ್ರಬಂಧವನ್ನು ಹುಡುಕುವಾಗ, ಹೊಸ ಪರದೆಯ ಬಣ್ಣ ಎಷ್ಟು ಸೊಗಸಾಗಿದ್ದರೇನು?

ಸಂಸಾರಿಯ ಆಯ್ಕೆಗೆ ಬೇಕಾದ ಪ್ರಶ್ನೆಗಳು ಕೆಲವೇ. ಇದರ ಪೋಷಣೆ ಎಷ್ಟು ವರ್ಷ? ಇದರ ಹಿಂದೆ ಇರುವವರು ಯಾರು? ಕೆಟ್ಟರೆ ಕೇಳಲು ಬಲ್ಲವರು ಹತ್ತಿರದಲ್ಲಿ ಉಂಟೋ? ಎರಡನೆಯ ಪ್ರಶ್ನೆಯ ತೂಕವನ್ನು 2020ರ ಡಿಸೆಂಬರ್ ತಿಂಗಳು ಲೋಕಕ್ಕೆ ಕಲಿಸಿತು. ಸೆಂಟ್‌ಓಎಸ್ ಎಂಬ ವಿತರಣೆಯ ಎಂಟನೆಯ ಆವೃತ್ತಿ 2029ರವರೆಗೆ ಬಾಳುವುದೆಂದು ನಂಬಿ ಅನೇಕರು ತಮ್ಮ ಸರ್ವರುಗಳನ್ನು ಅದರ ಮೇಲೆ ನಿಲ್ಲಿಸಿದ್ದರು. ಅದು 2021ರ ಕೊನೆಗೇ ಮುಗಿಯುವುದೆಂದು ಪ್ರಕಟವಾಯಿತು. ಮುಚ್ಚಿಟ್ಟ ವಿದ್ಯೆಯಾಗಿದ್ದರೆ ಕಥೆ ಅಲ್ಲಿಗೆ ತೀರುತ್ತಿತ್ತು. ತಿರುಳು ಎಲ್ಲರ ಸೊತ್ತಾದ್ದರಿಂದ 2021ರಲ್ಲಿಯೇ ರಾಕಿ, ಆಲ್ಮಾ ಎಂಬ ಎರಡು ಹೊಸ ವಿತರಣೆಗಳು ಎದ್ದು ನಿಂತು ಅನಾಥರನ್ನು ಕರೆದುಕೊಂಡವು.

ನಿಶ್ಚಯಕ್ಕೆ ಮೊದಲು ಪರೀಕ್ಷೆಯೂ ಸುಲಭ. ವಿತರಣೆಯನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ, ಯಂತ್ರದೊಳಗಿನದೊಂದನ್ನೂ ಮುಟ್ಟದೆ, ಅದರಿಂದಲೇ ನಡೆಸಿ ನೋಡಬಹುದು. ವೈಫೈ ಹಿಡಿಯಿತೆ? ಪ್ರಿಂಟರ್ ಅಚ್ಚು ಹಾಕಿತೆ? ಮುಚ್ಚಳ ಮುಚ್ಚಿ ಮಲಗಿಸಿದ ಲ್ಯಾಪ್‌ಟಾಪ್ ಎಚ್ಚರಗೊಂಡಿತೆ? ತೀರ ಮುದಿ ಯಂತ್ರವಾದರೆ ಇನ್ನೊಂದು ಮಾತು: ಮೂವತ್ತೆರಡು ಬಿಟ್ಟಿನ ಪ್ರೊಸೆಸರುಗಳಿಗೆ 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಸ್ಥಾಪನೆಯ ಸೌಕರ್ಯವಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವ ಮನೆಯವರು ವಿಂಡೋಸಿನ ಯಂತ್ರವೊಂದನ್ನು ಇಟ್ಟುಕೊಳ್ಳುವುದೇ ವಿವೇಕ. ಅದು ವಿಂಡೋಸಿಗಾಗಿಯೇ ಮಾಡಿದ್ದು. ತತ್ತ್ವಕ್ಕಾಗಿ ಸಂಬಳ ಕಳೆದುಕೊಳ್ಳಬೇಕೆಂದು ಯಾವ ಪರವಾನಗಿಯೂ ಹೇಳಿಲ್ಲ.

ಕನ್ನಡಕ್ಕೆ ಈ ಮನೆಗಳಲ್ಲಿ ಚಾಪೆಯುಂಟು. ಗಣಕ ಪರಿಷತ್ತಿನ ಹೆಸರನ್ನು ಹೊತ್ತ ಕಗಪ ಕೀಲಿಮಣೆಯ ವಿನ್ಯಾಸ ಲಿನಕ್ಸಿನೊಡನೆಯೇ ಬರುತ್ತದೆ. ಡೆಬಿಯನ್ನಿನ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರರೂಪಗಳೇ ಇವೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡಿಗೆ ಮೊದಲಿನ ಪದ್ಧತಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಅದರ ಅಕ್ಷರರೂಪವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಲಿಪಿಯ ಜಂಗುಳಿ ಕಾಣುತ್ತದೆ. ತಂದೆ ಕಡೆಗಾಲದಲ್ಲಿ ಕುಳಿತು ಬರೆಸಿದ ವಂಶದ ಕಥೆಯೊಂದು ಹೀಗೆ ಕಂಡಾಗ ಮಗನ ಕಣ್ಣು ಮಂಜಾಗದಿರದು. ಅದು ಸತ್ತಿಲ್ಲ, ಪರಿವರ್ತಕಗಳ ಮೂಲಕ ಹಾಯಿಸಿದರೆ ಯೂನಿಕೋಡಿಗೆ ಬರುತ್ತದೆ. ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಈ ಕೆಲಸ ಮುಗಿಸುವುದು ಲೇಸು.

ಮೇಜಿನ ಯಂತ್ರ ಒಂದು ನೆಲೆಗೆ ಬಂದ ಮೇಲೆ ಗೃಹಸ್ಥನ ಕಣ್ಣು ಅಟ್ಟದ ಮೇಲಿನ ಹಳೆಯ ಲ್ಯಾಪ್‌ಟಾಪಿನ ಮೇಲೆ ಬೀಳುತ್ತದೆ. ಮದುವೆಯ ಚಿತ್ರಗಳು, ಮಗುವಿನ ಮೊದಲ ಹೆಜ್ಜೆ, ತೀರಿಹೋದ ಅಜ್ಜಿಯ ದನಿ—ಇವೆಲ್ಲ ನಾಲ್ಕು ಮೊಬೈಲುಗಳಲ್ಲಿ ಚದುರಿ ಬಿದ್ದಿರುವುದಕ್ಕಿಂತ ಮನೆಯಲ್ಲೇ ಒಂದು ಕಡೆ ಇರಬಾರದೇಕೆ? ಇಲ್ಲಿ ಹುಟ್ಟುವುದೇ ಮನೆಯ ಸರ್ವರ್. ಇದಕ್ಕೆ ಡೆಬಿಯನ್ ಹೇಳಿ ಮಾಡಿಸಿದಂಥದು. ಮೇಜಿನ ಮೇಲೆ ಮಿಂಟ್, ಮೂಲೆಯಲ್ಲಿ ಡೆಬಿಯನ್. ಎರಡೂ ಒಂದೇ ಆಗಬೇಕೆಂಬ ನಿಯಮವಿಲ್ಲ. ಕಡತ ಹಂಚಲು ಸಾಂಬಾ, ಚಿತ್ರಗಳನ್ನೂ ಪಂಚಾಂಗವನ್ನೂ ಒಟ್ಟಿಗಿಡಲು ನೆಕ್ಸ್ಟ್‌ಕ್ಲೌಡ್, ಹಾಡು ಚಲಚ್ಚಿತ್ರಗಳಿಗೆ ಜೆಲ್ಲಿಫಿನ್. ಎಲ್ಲವೂ ಸ್ವತಂತ್ರ ತಂತ್ರಾಂಶಗಳೇ.

ಲೆಕ್ಕವನ್ನೂ ಹಾಕಬೇಕು. ಹಗಲಿರುಳು 60 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ 30 ದಿನಕ್ಕೆ 43 ಯೂನಿಟ್ ತಿನ್ನುತ್ತದೆ. 15 ವ್ಯಾಟಿನ ಲ್ಯಾಪ್‌ಟಾಪ್ ಹನ್ನೊಂದಕ್ಕೂ ಒಳಗೆ. ವಿದ್ಯುತ್ತು ಹೋದರೆ ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿಯ ಆಸರೆಯೂ ಉಂಟು. ಆದರೆ ಊದಿಕೊಂಡ ಬ್ಯಾಟರಿ ಅಪಾಯಕರ. ಅದನ್ನು ಕಂಡೊಡನೆ ತೆಗೆಸಬೇಕು. ಸರ್ವರಿನ ಬಾಗಿಲನ್ನು ಅಂತರಜಾಲದ ಬೀದಿಗೆ ತೆರೆದಿಡುವ ಹುಮ್ಮಸ್ಸು ಹೊಸಬನಿಗೆ ಬೇಡ. ಮನೆಯೊಳಗಿನವರಿಗೆ ಮಾತ್ರ ಕಾಣುತ್ತಿದ್ದರೆ ಸಾಕು. ಎರಡು ಡಿಸ್ಕುಗಳನ್ನು ಜೋಡಿಯಾಗಿ ಕಟ್ಟಿ, ಒಂದರಲ್ಲಿದ್ದುದು ಇನ್ನೊಂದರಲ್ಲೂ ಇರುವಂತೆ ಮಾಡಿದೊಡನೆ ನಿಶ್ಚಿಂತೆಯೆಂದೂ ತಿಳಿಯಬಾರದು. ಡಿಸ್ಕು ಸುಟ್ಟಾಗ ಅದು ಕಾಯುತ್ತದೆ. ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಏಕಕಾಲಕ್ಕೆ ಅಳಿಯುತ್ತದೆ. ಬೇರೊಂದು ಡಿಸ್ಕಿನಲ್ಲಿ ಒಂದು ನಕಲು, ಬೇರೊಂದು ಮನೆಯಲ್ಲಿ ಇನ್ನೊಂದು ನಕಲು ಇದ್ದರೆ ಮಾತ್ರ ಅದು ಬ್ಯಾಕಪ್ಪು. ತಂಗಿಯ ಮನೆಯ ಬೀರು ಇದಕ್ಕೆ ಯೋಗ್ಯಸ್ಥಳ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಯಜಮಾನ ಕಾರ್ಯನಿಮಿತ್ತ ಪರಊರಿಗೆ ಹೋಗುತ್ತಾನೆ. ರಾತ್ರಿ ಮನೆಯಿಂದ ಫೋನು ಬರುತ್ತದೆ: “ಏನೂಂದ್ರೆ, ಕರೆಂಟು ಹೋಗಿ ಬಂತು. ಆಗಿನಿಂದ ಫೋಟೋಗಳು ಒಂದೂ ಕಾಣೋದಿಲ್ಲವಲ್ಲ!”

“ನಾನು ಬಂದು ನೋಡ್ತೀನಿ ಬಿಡು.”

“ನೀವಿಲ್ಲದಿದ್ದರೆ ನಡೆಯೋದೇ ಇಲ್ಲವೆ ಅದು?”

ಆಕೆ ಕೇಳಿದ್ದು ಸಹಜವಾಗಿ. ಆದರೆ ಲಿನಕ್ಸನ್ನು ಮನೆಗೆ ತರುವವನು ಎದುರಿಸಬೇಕಾದ ದೊಡ್ಡ ಪ್ರಶ್ನೆ ಇದೇ. ಯಾವ ದೊಡ್ಡ ಸಂಸ್ಥೆಗೂ ಅಧೀನವಾಗಬಾರದೆಂದು ಹೊರಟವನು ಮನೆಮಂದಿಯನ್ನೆಲ್ಲ ತನ್ನೊಬ್ಬನಿಗೆ ಅಧೀನ ಮಾಡಿ ಕೂರಿಸಿದರೆ ಏನು ಸಾಧಿಸಿದಂತಾಯಿತು? ಡಿಸ್ಕನ್ನು ಗೂಢಲಿಪಿಯಲ್ಲಿ ಭದ್ರಪಡಿಸಿ, ಪಾಸ್‌ವರ್ಡನ್ನು ತಲೆಯಲ್ಲಿ ಮಾತ್ರ ಇಟ್ಟುಕೊಂಡವರುಂಟು. ಅವರಿಗೆ ಆಕಸ್ಮಿಕವಾಗಿ ಏನಾದರೂ ಆದರೆ, ಕಳ್ಳನಿಗೆ ತೆರೆಯದ ಬೀಗ ಹೆಂಡತಿಗೂ ತೆರೆಯುವುದಿಲ್ಲ, ಮಕ್ಕಳಿಗೂ ತೆರೆಯುವುದಿಲ್ಲ. ಗಂಡನ ಜೊತೆಯಲ್ಲಿಯೇ ಅವನು ತೆಗೆದ ಚಿತ್ರಗಳನ್ನೂ ಕಳೆದುಕೊಳ್ಳುವುದು ಸಾಮಾನ್ಯ ಸಂಕಟವಲ್ಲ.

ಅದಕ್ಕಾಗಿಯೇ ಮನೆಯ ಸರ್ವರಿಗೆ ಜಾಣ ವಿತರಣೆಗಿಂತ ಸಾಧು ವಿತರಣೆ ಮೇಲು; ಹತ್ತು ಜನ ಬಲ್ಲದ್ದು, ವರ್ಷಗಟ್ಟಲೆ ಬದಲಾಗದ್ದು, ನೆರೆಮನೆಯ ಎಂಜಿನಿಯರಿಂಗ್ ಹುಡುಗ ಬಂದು ಕುಳಿತರೂ ಅರ್ಥವಾಗುವಂಥದ್ದು. ಅದರ ಪಕ್ಕದಲ್ಲಿ ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ಕು ಬೇಕು. ಯಂತ್ರ ಯಾವುದು, ವಿತರಣೆ ಯಾವುದು, ಏನೇನು ಎಲ್ಲೆಲ್ಲಿದೆ, ನಿಂತುಹೋದರೆ ಮೊದಲು ಯಾವ ಗುಂಡಿ ಒತ್ತಬೇಕು, ನಕಲು ಯಾರ ಮನೆಯಲ್ಲಿದೆ—ಎಲ್ಲವನ್ನೂ ಅದರಲ್ಲಿ ಶುದ್ಧ ಕನ್ನಡದಲ್ಲಿ, ದುಂಡಗೆ ಬರೆದಿಡಬೇಕು. ಪಾಸ್‌ವರ್ಡುಗಳು ಬೇರೊಂದು ಲಕೋಟೆಯಲ್ಲಿ, ಮನೆಪತ್ರ ವಿಮೆಪತ್ರಗಳ ಜೊತೆಗೆ ಬೀರುವಿನಲ್ಲಿರಲಿ.

ಬರೆದದ್ದು ಸರಿಯೋ ತಪ್ಪೋ ನೋಡುವುದಕ್ಕೆ ಒಂದು ಭಾನುವಾರದ ಬೆಳಗ್ಗೆ ಸಾಕು. ಯಜಮಾನ ತಾನಾಗಿಯೇ ಸರ್ವರನ್ನು ಆರಿಸಿ, ನೋಟ್‌ಬುಕ್ಕನ್ನು ಮಗಳ ಕೈಗೆ ಕೊಟ್ಟು, ಚೀಲ ಹಿಡಿದು ತರಕಾರಿಗೆ ಹೊರಟುಬಿಡಬೇಕು. ಮರಳಿ ಬರುವಷ್ಟರಲ್ಲಿ ತಾಯಿ ಮಗಳು ಸೇರಿ ಅಜ್ಜಿಯ ಹಾಡನ್ನು ಹಚ್ಚಿ ಕೇಳುತ್ತಿದ್ದರೆ, ಆರಿಸಿದ ವಿತರಣೆ ಯಾವುದೇ ಇರಲಿ, ಆಯ್ಕೆ ಸರಿಯಾಗಿದೆಯೆಂದು ತಿಳಿಯಬಹುದು.