ಎರಡನೆಯ ಯಾತ್ರೆ

ಯಾತ್ರೆಯೆಂದರೆ ಕ್ಷೇತ್ರದರ್ಶನವೆಂದೇ ತಿಳಿಯುವುದು ಲೋಕದ ವಾಡಿಕೆ. ವಯಸ್ಸಾದ ಗಂಡಹೆಂಡಿರು ಬುತ್ತಿಯ ಗಂಟನ್ನು ಮಗ್ಗುಲಲ್ಲಿಟ್ಟುಕೊಂಡು ಬಸ್ಸಿಗಾಗಿ ಕಾದು ಕುಳಿತಿದ್ದರೆ, ಗಾಣಗಾಪುರಕ್ಕೋ ಶರಣಬಸವೇಶ್ವರನ ಗುಡಿಗೋ ಹೊರಟಿರಬೇಕೆಂದು ಕಂಡವರು ಊಹಿಸುವರು. ಕಂಡ ಕ್ಷೇತ್ರವನ್ನೇ ಮತ್ತೆ ಕಾಣುವುದರಿಂದ ಪುಣ್ಯವು ಇಮ್ಮಡಿಸುವುದೆಂದು ಹಿರಿಯರು ಹೇಳುವುದುಂಟು. ಆದರೆ ವಿಜ್ಞಾನದ ವಸ್ತುಸಂಗ್ರಹಾಲಯವೊಂದನ್ನು ಎರಡನೆಯ ಸಲ ನೋಡಲು, ಅದೂ ಮುಪ್ಪಿನಲ್ಲಿ, ಹೋಗುವವರು ವಿರಳ. ಅದು ಮಕ್ಕಳಿಗಾಗಿ ಕಟ್ಟಿದ ಮನೆ, ಒಮ್ಮೆ ನೋಡಿದರೆ ತೀರಿತು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಸುರಪುರದ ನಿವೃತ್ತ ಉಪಾಧ್ಯಾಯರೊಬ್ಬರೂ ಅವರ ಪತ್ನಿಯೂ ಒಂದು ದಿನದ ಮಟ್ಟಿಗೆ ಕೈಕೊಂಡ ಪ್ರಯಾಣವು ಇಂಥ ವಿರಳವಾದುದೇ ಆಗಿತ್ತು.

ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರವು ಸ್ಥಾಪಿತವಾದದ್ದು 1984ರಲ್ಲಿ. ಅದಕ್ಕೆ ಹತ್ತೊಂಬತ್ತು ವರ್ಷ ಹಿಂದೆ, 1965ರಲ್ಲಿ, ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ವಿದ್ಯುಚ್ಛಕ್ತಿಯನ್ನು ಕುರಿತ ತನ್ನ ಮೊದಲನೆಯ ಶಾಲೆಯನ್ನು ಸಾರ್ವಜನಿಕರಿಗೆ ತೆರೆದಿತ್ತು. ರಾಜಧಾನಿಗೆ ಹೋಗಲಾರದ ಮಕ್ಕಳ ಬಳಿಗೆ ವಿದ್ಯೆಯೇ ನಡೆದು ಬರಲಿ ಎಂಬುದು ಜಿಲ್ಲಾ ಕೇಂದ್ರಗಳ ಉದ್ದೇಶ. ಹಳೆಯ ಸಂಗ್ರಹಾಲಯಗಳಲ್ಲಿ ‘ಮುಟ್ಟಬೇಡಿರಿ’ ಎಂಬ ಫಲಕವು ಮೊದಲು ಕಣ್ಣಿಗೆ ಬೀಳುವುದು. ಇಂಥ ಕೇಂದ್ರಗಳಲ್ಲಿಯಾದರೋ ಮುಟ್ಟಿ, ಎಳೆದು, ತಿರುಗಿಸಿ ನೋಡದವನಿಗೆ ಏನೂ ತಿಳಿಯದು. ಆ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳು ಗುಲಬರ್ಗಾ ಜಿಲ್ಲೆಗೇ ಸೇರಿದ್ದವು. ಆದಕಾರಣ ಅಲ್ಲಿಯ ಶಾಲೆಗಳಿಗೆ ಇದು ಪರಸ್ಥಳವಾಗಿರಲಿಲ್ಲ.

ಕೇಂದ್ರವು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಉಪಾಧ್ಯಾಯರು ತಮ್ಮ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದರು. ಹೆಣ್ಣುಮಕ್ಕಳ ಮೇಲ್ವಿಚಾರಣೆಗೆಂದು ಪತ್ನಿಯೂ ಜತೆಯಲ್ಲಿ ಬಂದಿದ್ದಳು. ಕಂಕುಳಲ್ಲಿ ಆರು ತಿಂಗಳ ಕೂಸು. ಬಾಗಿಲಿಗೆ ಬರುತ್ತಲೇ ಕೂಸು ಅಳಲಾರಂಭಿಸಿತು. ಮಕ್ಕಳ ಬುತ್ತಿಯ ಗಂಟುಗಳನ್ನು ಕಾಯಲು ಒಬ್ಬರು ಬೇಕಾಗಿಯೂ ಇತ್ತು. ಆಕೆಯು ಹೊರಗೆ ಮರದ ನೆರಳಿನಲ್ಲಿ ಕುಳಿತಳು. ಒಳಗಿನಿಂದ ಬರುವ ನಗೆಯನ್ನೂ ಅಚ್ಚರಿಯ ಕೂಗನ್ನೂ ಕೇಳುತ್ತ ಮೂರು ತಾಸು ಕಳೆದಳು. ಸಂಜೆ ಮರಳುವಾಗ ಮಕ್ಕಳು ಕಂಡದ್ದನ್ನೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹೇಳಿಕೊಂಡರು. ನೀನು ಕಂಡೆಯಾ ಎಂದು ಆಕೆಯನ್ನು ಯಾರೂ ಕೇಳಲಿಲ್ಲ.

ಮುಂದೆ ವರ್ಷಗಳು ಸಂದವು. ಕೂಸು ಬೆಳೆದು, ಓದಿ, ದೂರದ ಊರಿನಲ್ಲಿ ಸಂಸಾರ ಹೂಡಿತು. ಉಪಾಧ್ಯಾಯರ ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯಾಯಿತು, ಆದರೂ ಸಣ್ಣ ಅಕ್ಷರ ಕಾಣದು, ಕಿವಿಯೂ ಮಂದವಾಯಿತು. ಓದಲು ಬಾರದೆ ಮದುವೆಯಾಗಿ ಬಂದಿದ್ದ ಆಕೆಯಾದರೋ, ಮಕ್ಕಳ ಪಠ್ಯಪುಸ್ತಕಗಳ ಜತೆಯಲ್ಲಿಯೇ ಅಕ್ಷರ ಕಲಿತು, ಈಗ ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಗಂಡನಿಗೆ ಹೇಳುವಳು. ಒಂದು ಬೆಳಗ್ಗೆ ಪತ್ರಿಕೆಯನ್ನು ಮಡಿಸಿ, “ಕಲಬುರಗಿ ವಿಜ್ಞಾನ ಕೇಂದ್ರಕ್ಕ ಹೋಗೋಣ” ಎಂದಳು. “ಅದನ್ನ ನೋಡೀವಲ್ಲ” ಎಂದರು ಉಪಾಧ್ಯಾಯರು. “ನೀವು ನೋಡೀರಿ” ಎಂದು ಆಕೆ ಎದ್ದು ಒಳಗೆ ಹೋದಳು. ಮರುವಾರವೇ ಪ್ರಯಾಣವು ಗೊತ್ತಾಯಿತು.

ಸುರಪುರದಿಂದ ಯಾದಗಿರಿಗೆ ಬರುವ ದಾರಿಯೇ ಒಂದು ತೆರೆದ ಸಂಗ್ರಹಾಲಯವೆನ್ನಬಹುದು. ಶಹಾಪುರದ ಬೆಟ್ಟಗಳು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ತೋರುವುವು. ಸಮೀಪದ ವಿಭೂತಿಹಳ್ಳಿಯಲ್ಲಿ ಪ್ರಾಚೀನರು ಬಂಡೆಗಲ್ಲುಗಳನ್ನು ಸಾಲುಸಾಲಾಗಿ ಹೂಡಿಟ್ಟಿದ್ದಾರೆ. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇವನ್ನು ಕುರಿತು ಬರೆದಿಟ್ಟನು. ಸೂರ್ಯನ ಉದಯಾಸ್ತಗಳ ದಿಕ್ಕಿಗೂ ಈ ಸಾಲುಗಳಿಗೂ ಸಂಬಂಧವುಂಟೇ ಎಂದು ಖಗೋಳಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಆ ಪ್ರಶ್ನೆಗೆ ಉತ್ತರವು ಏನೇ ಇರಲಿ, ಕಲ್ಲನ್ನು ಕಲ್ಲಿನ ನೇರಕ್ಕೆ ಇಟ್ಟ ಕೈಗಳಲ್ಲಿ ಒಂದು ಲೆಕ್ಕಾಚಾರವಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಉಪಾಧ್ಯಾಯರು ಇದನ್ನೆಲ್ಲ ಬಸ್ಸಿನಲ್ಲಿ ವಿವರಿಸುತ್ತ ಬಂದರು. ಆಕೆಯು ಕಿಟಕಿಯಿಂದ ನೋಡುತ್ತ ಬಂದಳು. ಭೀಮೆಯನ್ನು ದಾಟಿ ಯಾದಗಿರಿಯಲ್ಲಿ ರೈಲು ಹತ್ತಿದರು. ವಾಡಿ, ಶಹಾಬಾದುಗಳು ಹಿಂದೆ ಸರಿದುವು. ಹೊತ್ತೇರುವುದರೊಳಗೆ ಕಲಬುರಗಿ ಸೇರಿದರು.

ಒಳಗೆ ಹೋದ ಮೇಲೆ ಹಳೆಯ ಏರ್ಪಾಡು ತಾನಾಗಿಯೇ ಮಗುಚಿಕೊಂಡಿತು. ಫಲಕಗಳ ಬರಹವು ಉಪಾಧ್ಯಾಯರಿಗೆ ಕಾಣದು. ಆಕೆಯು ಒಂದೊಂದನ್ನೂ ನಿಧಾನವಾಗಿ, ಅಕ್ಷರ ಬಿಡದೆ ಓದುವಳು. ಓದಿದ ಮೇಲೆ ಗುಂಡಿಯನ್ನು ಒತ್ತುವವಳೂ ಹಿಡಿಯನ್ನು ತಿರುಗಿಸುವವಳೂ ಆಕೆಯೇ. ಡೊಂಕು ಕನ್ನಡಿಯಲ್ಲಿ ಗಂಡನು ಕುಳ್ಳಗೆ ದಪ್ಪಗೆ ಕಂಡಾಗ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಕನ್ನಡಿಯ ಮೈ ಉಬ್ಬಿದರೆ ಬಿಂಬವು ಕುಗ್ಗುವುದೇಕೆಂದು ಆಕೆ ಕೇಳಿದಾಗ ಉಪಾಧ್ಯಾಯರು ಉತ್ತರ ಹೇಳಿದರು. ಮತ್ತೊಂದು ಕೇಳಿದಳು; ಅದಕ್ಕೂ ಹೇಳಿದರು. ಮೂರನೆಯದಕ್ಕೆ ತುಸು ಯೋಚಿಸಬೇಕಾಯಿತು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಇಂಥ ಶಿಷ್ಯರು ಹೆಚ್ಚು ಮಂದಿ ಸಿಕ್ಕಿರಲಿಲ್ಲ.

ಹೊರಗಿನ ಉದ್ಯಾನದಲ್ಲಿ ದೊಡ್ಡ ಬೋಗುಣಿಗಳಂಥ ಎರಡು ತಟ್ಟೆಗಳನ್ನು ದೂರದೂರದಲ್ಲಿ ಎದುರುಬದುರಾಗಿ ನಿಲ್ಲಿಸಿದ್ದರು. ಒಂದರ ನಾಭಿಯಲ್ಲಿ ಬಾಯಿಟ್ಟು ಪಿಸುಗುಟ್ಟಿದ ಮಾತು ಅದರ ಮೈಗೆ ತಾಗಿ, ಚದರದೆ ನೇರವಾಗಿ ಸಾಗಿ, ಎದುರಿನ ಬೋಗುಣಿಗೆ ಬಡಿದು, ಅದರ ನಾಭಿಯಲ್ಲಿ ಮತ್ತೆ ಒಂದುಗೂಡುವುದು. ಅಲ್ಲಿ ಕಿವಿಯಿಟ್ಟವನಿಗೆ ಹತ್ತಿರದಿಂದ ನುಡಿದಂತೆಯೇ ಕೇಳುವುದು. ನಡುವೆ ನಿಂತವನಿಗೆ ಏನೂ ತಿಳಿಯದು. 1656ರಲ್ಲಿ ಮುಗಿದ ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ದುಂಡುಗೋಡೆಯನ್ನು ಅನುಸರಿಸಿ ಆಚೆಗೆ ಮುಟ್ಟುವುದನ್ನು ಆ ಸೀಮೆಯವರೆಲ್ಲ ಬಲ್ಲರು. ಇಲ್ಲಿ ಗೋಡೆಯೂ ಬೇಕಿಲ್ಲ.

ಮನೆಯಲ್ಲಿ ಇವರಿಬ್ಬರ ಮಾತೆಲ್ಲ ಈಚೆಗೆ ಕೂಗಿನಲ್ಲಿಯೇ ನಡೆಯುತ್ತಿತ್ತು. ಉಪ್ಪು, ಔಷಧ, ಹಾಲಿನ ಲೆಕ್ಕಗಳನ್ನು ಕೂಗಿ ಹೇಳಬಹುದು. ಕೂಗಿ ಹೇಳಲಾಗದ ಮಾತುಗಳೂ ಸಂಸಾರದಲ್ಲಿ ಇರುವುವು. ಆಕೆಯು ಗಂಡನನ್ನು ಒಂದು ತಟ್ಟೆಯ ಬಳಿ ನಿಲ್ಲಿಸಿ, ತಾನು ಇನ್ನೊಂದರ ಬಳಿಗೆ ಹೋಗಿ, ಮೆಲ್ಲಗೆ ನುಡಿದಳು: “ಅವತ್ತು ಒಳಗ ಏನಿತ್ತು ಅಂತ ನೀವು ನನಗ ಹೇಳಲೇ ಇಲ್ಲ.”

ಉಪಾಧ್ಯಾಯರಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಅವರು ಹಾಗೆಯೇ ಕೆಲಹೊತ್ತು ನಿಂತರು. ಉತ್ತರ ಹೇಳುವ ಬದಲು ನಡೆದು ಬಂದು, ಆಕೆಯ ಕೈಯಲ್ಲಿದ್ದ ಬುತ್ತಿಯ ಗಂಟನ್ನು ತೆಗೆದುಕೊಂಡು, ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತರು. “ನೀ ಇನ್ನೊಮ್ಮೆ ಎಲ್ಲಾ ನೋಡಿ ಬಾ. ಗಂಟು ನಾ ಕಾಯತೀನಿ” ಎಂದರು.

ವಿದ್ಯೆಯು ಹಂಚಿದಷ್ಟೂ ಹೆಚ್ಚುವುದೆಂಬ ಮಾತನ್ನು ವಿದ್ಯಾವಂತರ ಮನೆಗಳಲ್ಲಿ ಎಲ್ಲರೂ ಬಲ್ಲರು. ಆದರೆ ಊರ ಮಕ್ಕಳಿಗೆಲ್ಲ ಹಂಚಿದವನ ಮನೆಯಲ್ಲಿಯೇ ಹಸಿದವರು ಉಳಿಯುವುದುಂಟು. ಹಸಿವು ಸದ್ದು ಮಾಡದ ಕಾರಣ ಅದು ಯಾರ ಗಮನಕ್ಕೂ ಬಾರದು. ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದಂತಾಗಲಿಲ್ಲ. ಹೊರಗೆ ಗಂಟು ಕಾಯುವವರು ಯಾರು ಎಂದು ಒಮ್ಮೆಯಾದರೂ ತಿರುಗಿ ನೋಡಬೇಕು.

ಆಕೆಯು ಒಳಗೆ ಹೋದವಳು ಬೇಗನೆ ಬರಲಿಲ್ಲ. ಗೊತ್ತುಮಾಡಿಕೊಂಡಿದ್ದ ರೈಲಿನ ಹೊತ್ತು ಮೀರಿತು. ಉಪಾಧ್ಯಾಯರು ಗಡಿಯಾರವನ್ನು ಎರಡು ಸಲ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕರೆಯಲು ಮಾತ್ರ ಏಳಲಿಲ್ಲ.