ಸೂರ್ಯನ ಕುದುರೆಯ ಊರು

ಮೊನ್ನೆ ರಾತ್ರಿ ಮೆಟ್ಟಿಲ ಟ್ಯೂಬ್‌ಲೈಟಿನ ಪಕ್ಕ ಅದು ಬಂದು ಕೂತಿತ್ತು. ಬೆರಳುದ್ದ, ಎಳೆ ಬಾಳೆಲೆಯ ಬಣ್ಣ. ನಾನು ಹತ್ತಿರ ಹೋದೆ, ಅದು ಕತ್ತು ಹೊರಳಿಸಿ ನನ್ನನ್ನೇ ನೋಡಿತು.

"ರೀ, ಮತ್ತೆ ಆ ಮಿಡತೆ ಮುಂದೆ ಕೂತ್ರಾ?" ಒಳಗಿನಿಂದ ಹೆಂಡತಿ.

"ಮಿಡತೆ ಅಲ್ಲ ಕಣೇ, ಸೂರ್ಯನ ಕುದುರೆ. ಜಿರಳೆ, ಗೆದ್ದಲು ಪೈಕಿ."

ಜಿರಳೆ ಎಂದದ್ದೇ ತಪ್ಪಾಯಿತು. ಪೊರಕೆ ಹೊರಬಂತು.

ಪೊರಕೆಗಿಂತ ಮೊದಲು ನನ್ನ ಮುಚ್ಚಳ ತಲುಪಿತು. ಫ್ರಿಜ್ಜಿನ ಡಬ್ಬದ ಪಾರದರ್ಶಕ ಮುಚ್ಚಳ, ಇದೇ ನನ್ನ ಪ್ರಯೋಗಶಾಲೆ. ಹುಳುವನ್ನು ಅದರ ಮೇಲೆ ಹತ್ತಿಸಿಕೊಂಡು ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಹೊಟ್ಟೆಯಡಿಯ ಪಟ್ಟಿಗಳನ್ನು ಎಣಿಸಿ: ಆರು ಕಂಡರೆ ಹೆಣ್ಣು, ಎಂಟಾದರೆ ಗಂಡು. ಆಮೇಲೆ ಮುಂಗಾಲಿನ ಬುಡದ ಒಳಮಗ್ಗುಲು. ಅಲ್ಲಿ ಕಪ್ಪು ಬೊಟ್ಟಿದ್ದರೆ 1758ರಲ್ಲಿ ಲಿನೇಯಸ್ ಹೆಸರಿಟ್ಟ ಮ್ಯಾಂಟಿಸ್ ರಿಲಿಜಿಯೋಸಾ ಇರಬಹುದು. ಹಸಿರೋ ಕಂದೋ ಎಂದು ಮಾತ್ರ ಕೇಳಬೇಡಿ. ಒಂದೇ ಜಾತಿಯಲ್ಲಿ ಎರಡೂ ಬಣ್ಣ ಇರುತ್ತವೆ. ಬಣ್ಣ ನೋಡಿ ಹೆಸರು ಹೇಳುವವರು ಸೀರೆಯ ಬಣ್ಣ ನೋಡಿ ಗೋತ್ರ ಹೇಳುವವರಿದ್ದಂತೆ. ನಮ್ಮ ಭಾನುವಾರದ ಗುಂಪಿನಲ್ಲಿ ಅಂಥವರು ನಾಲ್ವರಿದ್ದಾರೆ.

ಮೊನ್ನೆಯದರ ಒಳತೋಳಿನಲ್ಲಿ ಕಪ್ಪಿರಲಿಲ್ಲ, ಮುಂರೆಕ್ಕೆಯ ಮೇಲೊಂದು ಬಿಳಿ ಬೊಟ್ಟಿತ್ತು, ಹೊಟ್ಟೆಯಡಿ ಎಂಟು ಪಟ್ಟಿ. ಹೈರೊಡ್ಯೂಲ, ಗಂಡು. ದೀಪಕ್ಕೆ ಹಾರಿ ಬರುವುದು ಹೆಚ್ಚಾಗಿ ಗಂಡೇ. ಹೈರೊಡ್ಯೂಲ ಎಂದರೆ ಗ್ರೀಕಿನಲ್ಲಿ ಗುಡಿಯ ದಾಸಿ. ಕೈ ಮುಗಿದು ನಿಲ್ಲುವುದನ್ನು ಕಂಡು ಇಟ್ಟ ಹೆಸರಿರಬೇಕು.

ವರ್ಗೀಕರಣದ ಪಂಡಿತರೂ ಬಹುಕಾಲ ಮಾಡಿದ್ದು ಹೀಗೆ ಮುಖ ನೋಡಿ ಮಣೆ ಹಾಕುವ ಕೆಲಸವನ್ನೇ. ಆರ್.ಟಿ. ನಗರದ ಹೊಂಗೆಮರದ ಕಾಂಡಕ್ಕೆ ತೊಗಟೆಯಂತೆ ಅಂಟಿಕೊಂಡು, ನಾವು ಆ ಕಡೆ ಹೋದರೆ ಈ ಕಡೆ ಓಡುವ ಚಪ್ಪಟೆ ಹುಳು ಹಂಬರ್ಟಿಯೆಲ್ಲಾ. ದಕ್ಷಿಣ ಅಮೆರಿಕದ ಮರಗಳ ಮೇಲೆ ಲಿಟರ್ಗೂಸಾ ಕೂಡ ಹಾಗೇ ಚಪ್ಪಟೆ, ಹಾಗೇ ಓಟ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದರು. ಡಿಎನ್‌ಎ ಬಂದು ಎಬ್ಬಿಸಿತು: ಗೇವಿನ್ ಸ್ವೆನ್ಸನ್ ಮತ್ತು ಮೈಕೆಲ್ ವೈಟಿಂಗ್ 2009ರಲ್ಲಿ ತೋರಿಸಿದಂತೆ, ಈ ಹುಳುಗಳ ನೆಂಟಸ್ತನ ಹೊಂದುವುದು ರೂಪಕ್ಕಲ್ಲ, ಭೂಖಂಡಕ್ಕೆ. 2019ರಲ್ಲಿ ಶ್ವಾರ್ಟ್ಜ್ ಮತ್ತು ರಾಯ್ ಇಡೀ ವಂಶಾವಳಿಯನ್ನು 29 ಕುಟುಂಬಗಳಾಗಿ ಹೊಸದಾಗಿ ಬರೆದರು. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜ "ಯಾವೂರಾಯ್ತು, ಯಾರ ಪೈಕಿ?" ಎನ್ನುತ್ತಾನಲ್ಲ, ಆ ಪ್ರಶ್ನೆಗಳ ಕ್ರಮ ಸರಿಯಾಗಿಯೇ ಇದೆ.

ಅಂದಹಾಗೆ, 1869ರಲ್ಲಿ ಹಂಬರ್ಟಿಯೆಲ್ಲಾ ಎಂದು ನಾಮಕರಣ ಮಾಡಿದವರು ಜಿನೀವಾದ ಹೆನ್ರಿ ಡಿ ಸೊಸ್ಯೂರ್, ಭಾಷಾವಿಜ್ಞಾನಿ ಫರ್ಡಿನಾಂಡ್ ಡಿ ಸೊಸ್ಯೂರರ ತಂದೆ. ಪದಕ್ಕೂ ಅರ್ಥಕ್ಕೂ ಹುಟ್ಟುಸಂಬಂಧವಿಲ್ಲ ಎಂದು ಮಗನಿಗೆ ಹೊಳೆದದ್ದು ಅಪ್ಪನ ಹುಳುಪೆಟ್ಟಿಗೆ ನೋಡಿಯೇ ಎಂದು ನನ್ನ ಗುಮಾನಿ.

ಊರು ಅಷ್ಟು ಮುಖ್ಯ ಎಂದಮೇಲೆ ಊರು ಕೆಡಿಸುವವರನ್ನು ಏನು ಮಾಡಬೇಕು? ಹೋದ ಅಕ್ಟೋಬರಿನಲ್ಲಿ ಗುಂಪಿನವರೊಬ್ಬರು ಪಿಟೀಲು ಮ್ಯಾಂಟಿಸ್, ಅಂದರೆ ಗಾಂಗೈಲಸ್, ದಾಸವಾಳದ ಮೇಲೆ ಕೂತ ಫೋಟೋ ಹಂಚಿದರು; ಕೆಳಗೆ 'ಯಲಹಂಕ ಉಪನಗರ'. ಅದು ದಕ್ಷಿಣ ಭಾರತ, ಶ್ರೀಲಂಕಾದ ಕುರುಚಲಿನ ಹುಳು, ಇಲ್ಲಿರಬಾರದೆಂದೇನಿಲ್ಲ. ಮೂರು ಸಂಜೆ ಟಾರ್ಚ್ ಹಿಡಿದು ಬೇಲಿ ಬೇಲಿ ಅಲೆದೆ, ಎರಡು ನಾಯಿಗಳಿಗೆ ಪರಿಚಿತನಾದೆ. ನಾಲ್ಕನೆಯ ದಿನ ಆಸಾಮಿ ನಗುತ್ತಾ ಹೇಳಿದ್ದು: ಚಾಮರಾಜನಗರದ ಕಡೆಯಿಂದ ಡಬ್ಬದಲ್ಲಿ ತಂದದ್ದಂತೆ. ಅಲುಗಾಡದಿರಲೆಂದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಹೂವಿನ ಮೇಲೆ ಕೂರಿಸಿ ತೆಗೆದದ್ದಂತೆ. "ಫ್ರೇಮ್ ಚೆನ್ನಾಗಿ ಬಂತಲ್ಲ ಸಾರ್?"

ಇದಕ್ಕೆ ನಗಲಾರೆ. ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಂಗ್ರಹಗಳಲ್ಲಿ ಸೂಜಿಗೆ ಚುಚ್ಚಿದ ಪ್ರತಿ ಹುಳುವಿನ ಕೆಳಗೂ ಉಗುರಗಲದ ಚೀಟಿ ಇರುತ್ತದೆ: ಊರು, ತಾರೀಖು, ಹಿಡಿದವರ ಹೆಸರು. ಆ ಚೀಟಿ ಇಲ್ಲದಿದ್ದರೆ ಎಷ್ಟು ಚೆಂದದ ಹುಳುವೂ ಕಸ. ಸುಳ್ಳು ಚೀಟಿ ಕಸಕ್ಕಿಂತ ಕಡೆ, ಯಾಕೆಂದರೆ ಕಸವನ್ನು ಯಾರೂ ನಂಬುವುದಿಲ್ಲ. ಇದನ್ನು ಗುಂಪಿನಲ್ಲಿ ಬರೆದೆ. ಹೆಬ್ಬೆರಳಿನ ಚಿತ್ರ ಒಂದು ಬಂತು, ಅದೂ ಆ ಆಸಾಮಿಯದೇ.

ಮುಟ್ಟದೆ ನೋಡಿದ್ದಕ್ಕೆ ಸಿಗುವ ಫಲ ಕೇಳಿ. ನಮ್ಮ ಕರ್ನಾಟಕದ್ದೇ ಒಂದು ತಾರಸಿ ತೋಟ, ಅಲ್ಲೊಂದು ಪುಟ್ಟ ಕೊಳ. ಗಂಡು ಹೈರೊಡ್ಯೂಲವೊಂದು ದಿನವೂ ಅಲ್ಲಿಗೆ ಬಂದು, ನೀರಿನ ಎಲೆಗಳ ಮೇಲೆ ಕೂತು, ಐದು ದಿನದಲ್ಲಿ ಒಂಬತ್ತು ಗಪ್ಪಿ ಮೀನು ಹಿಡಿದು ತಿಂದಿತು. ಅದನ್ನು ಕಂಡ ರಾಜೇಶ್ ಪುಟ್ಟಸ್ವಾಮಯ್ಯ ಮತ್ತು ಸಂಗಡಿಗರು 2018ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದರು. ಮೊದಲ ದಿನವೇ ಯಾರಾದರೂ ಅದನ್ನು ಎತ್ತಿ ಫ್ರಿಜ್ಜಿಗೆ ಹಾಕಿದ್ದರೆ ದಾಸವಾಳದ ಫೋಟೋ ಇನ್ನೊಂದು ಸಿಗುತ್ತಿತ್ತು.

ನಮ್ಮ ಮಹಡಿಯವರೂ ತಾರಸಿಯ ತಾವರೆ ತೊಟ್ಟಿಗೆ ಸೊಳ್ಳೆಮರಿ ತಿನ್ನಲೆಂದು ಗಪ್ಪಿ ಬಿಟ್ಟಿದ್ದಾರೆ. ಮೆಟ್ಟಿಲ ಹುಳು ಎರಡು ದಿನದಿಂದ ಒಂದೊಂದೇ ಮೆಟ್ಟಿಲು ಮೇಲಕ್ಕೆ ಹೋಗುತ್ತಿದೆ. ನಾನು ಯಾರಿಗೂ ಹೇಳಿಲ್ಲ.