ಏಟು ತಿಂದು ಓಡಿದ ಹಂದಿ

ನಮ್ಮೂರು ಹಂಗಳ. ಗುಂಡ್ಲುಪೇಟೆಯಿಂದ ಊಟಿ ಕಡೆ ಹೋಗುವಾಗ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬಲಕ್ಕೆ ತಿರುಗ್ತೀರಲ್ಲ, ಅದೇ ಊರು. ಹಾಗಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ "ಹುಲಿ ನೋಡಿದ್ದೀಯಾ?" ಅಂತಾರೆ. ಅಮೆರಿಕದಲ್ಲಿ ಕೂತಿರೋ ನಮ್ಮ ಟೀಮಿನವನೊಬ್ಬ ಮಾತ್ರ ಬೇರೆ ಪ್ರಶ್ನೆ ಕೇಳಿದ: "ನಿಮ್ಮ ಕಡೆ ಯಾವ ಗುಂಡು ಬಳಸ್ತಾರೆ?" :)

ಅವನು ವರ್ಷಕ್ಕೊಮ್ಮೆ ಎಲ್ಕ್ ಬೇಟೆಗೆ ಹೋಗೋ ಆಸಾಮಿ. ಎಲ್ಕ್ ಅಂದ್ರೆ ನಮ್ಮ ಕಡವೆಗೆ ಅಣ್ಣ ಅಂದುಕೊಳ್ಳಿ. ಅಲ್ಲಿ ಅದಕ್ಕೆ ಪರವಾನಗಿ ಸಿಗುತ್ತೆ. ತೋಟಾಗಳನ್ನು ಅಂಗಡಿಯಿಂದ ತರದೆ ಮನೆಯಲ್ಲೇ ತುಂಬ್ತಾನೆ. ಹಿತ್ತಾಳೆಯ ಖಾಲಿ ಕವಚಕ್ಕೆ ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ಸುರಿದು, ಮೇಲೆ ಗುಂಡು ಒತ್ತೋದು. ಒಂದೊಂದು ರೈಫಲ್ಲಿಗೆ ಒಂದೊಂದು ಅಳತೆ ಒಗ್ಗುತ್ತಂತೆ. ಯಾಕಪ್ಪಾ ಇಷ್ಟೆಲ್ಲ ರಗಳೆ ಅಂತ ಕೇಳಿದೆ. "ದೂರ" ಅಂದ.

ಲೆಕ್ಕ ಹಾಕಿ ನೋಡಿದೆ (ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಬೇಡವೇ?). ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರ್ ತಗೊಳ್ಳಿ. 300 ಗ್ರೇನ್, ಅಂದರೆ ಸುಮಾರು 19 ಗ್ರಾಂ ತೂಕದ ಗುಂಡು. ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 670 ಮೀಟರ್ ವೇಗ. ಗಾಳಿಯ ತಡೆಯೇ ಇಲ್ಲ ಅಂದುಕೊಂಡರೂ 100 ಮೀಟರ್ ಹೋಗುವಷ್ಟರಲ್ಲಿ ಅದು 11 ಸೆಂಟಿಮೀಟರ್ ಕೆಳಗಿಳಿಯುತ್ತೆ. 400 ಮೀಟರಿಗೆ ಸುಮಾರು 1.75 ಮೀಟರ್! ಗಾಳಿ ಇದ್ದರೆ ಇನ್ನೂ ಜಾಸ್ತಿ. ಮೊಂಡು ಮೂತಿಯ ಆ ಗುಂಡು ಬಂಡೀಪುರದಂಥ ಪೊದೆಗಾಡಿಗೆ, ಹತ್ತಿಪ್ಪತ್ತು ಮಾರು ದೂರಕ್ಕೆ ಸರಿ. ಎಲ್ಕ್ ನಿಲ್ಲೋ ಬೋಳು ಗುಡ್ಡಕ್ಕೆ ಚೂಪು ಮೂತಿಯ, ಉದ್ದನೆಯ, ಗಾಳಿ ಸೀಳುವ ಗುಂಡೇ ಬೇಕು.

ಆದರೆ ಗುರಿ ತಲುಪಿದರಷ್ಟೇ ಸಾಲದು. ಬೇಟೆಯ ಗುಂಡು ಒಳಹೊಕ್ಕ ಮೇಲೆ ಅಣಬೆಯಂತೆ ಅರಳಬೇಕು, ಚೂರಾಗಲೂಬಾರದು. ದೂರ ಹೋದಷ್ಟೂ ವೇಗ ಇಳಿಯುತ್ತೆ. ಸೆಕೆಂಡಿಗೆ 550 ಮೀಟರಿಗಿಂತ ಕಡಿಮೆಯಾದರೆ ಎಷ್ಟೋ ಗುಂಡುಗಳು ಸರಿಯಾಗಿ ಅರಳೋದಿಲ್ಲ, ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತವೆ. ಹತ್ತಿರದಲ್ಲಿ ಇದರ ಉಲ್ಟಾ. 1946ರಲ್ಲಿ ಕೆನಡಾದಲ್ಲಿ ಜಾನ್ ನಾಸ್ಲರ್ ಅನ್ನೋರು ಮೂಸ್ ಬೇಟೆಗೆ ಹೋದಾಗ, ಅತಿ ವೇಗದ ಗುಂಡು ಪ್ರಾಣಿಯ ಮೈಮೇಲೆ ಒಣಗಿದ್ದ ಕೆಸರಿಗೇ ಸಿಡಿದುಹೋಯ್ತು. ಅದಾದ ಮೇಲೆ ಅವರು ನಡುವೆ ತಾಮ್ರದ ಗೋಡೆ ಇರೋ ಗುಂಡು ಮಾಡಿದರು. ಮುಂದಿನ ಸೀಸ ಅರಳುತ್ತೆ, ಹಿಂದಿನದು ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತೆ. ಪಾರ್ಟಿಷನ್ ಅಂತ ಅದರ ಹೆಸರು, ಇವತ್ತಿಗೂ ಮಾರಾಟದಲ್ಲಿದೆ.

ಇದನ್ನೆಲ್ಲ ಊರಿಗೆ ಹೋದಾಗ ತಾತನಿಗೆ ಹೇಳಿದೆ. ಅವರ ಹತ್ತಿರ ಬೆಳೆ ಕಾಯೋಕೆ ಲೈಸೆನ್ಸ್ ಇರೋ ಕೇಪಿನ ಕೋವಿ ಇತ್ತು, ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಬರ್ತಿದ್ದದ್ದು. ಮಸಿ, ಬಟ್ಟೆ ತುಂಡು, ಚರೆ, ಗಜದಲ್ಲಿ ನಾಲ್ಕು ಗುದ್ದು. ತಾನೇ ತುಂಬೋದು ಅಂದ್ರೆ ಅದೂ ಅದೇ ತಾನೇ! 1972ಕ್ಕೂ ಮುಂಚೆ, ಹರೆಯದಲ್ಲಿ, ಹೊಲದ ಅಟ್ಟಣೆಯಿಂದ ಹಂದಿಗೆ ಹೊಡೆದವರು. ತಾತ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಬಿದ್ದ ಅಂದಿ ಲೆಕ್ಕ ಎಲ್ರೂ ಏಳ್ತಾರೆ ಕನಪ್ಪ. ಏಟು ತಿಂದು ಓಡೋಗಿದ್ದನ್ನ ಯಾರೂ ಏಳಲ್ಲ. ಅದು ಯಾವ್ದೋ ಪೊದೇಲಿ ಮೂರು ದಿನ ನರಳ್ತಾ ಬಿದ್ದಿರ್ತದೆ."

ನರಳಿ ಸಾಯದೇ ಉಳಿದರೆ? ಜಿಮ್ ಕಾರ್ಬೆಟ್ 1907ರಲ್ಲಿ ಹೊಡೆದ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಯಾರದೋ ಹಳೆಯ ಗುಂಡೇಟಿನಿಂದ. ಕಾಡಿನ ಬೇಟೆ ಹಿಡಿಯಲಾಗದೆ ಅದು ಮನುಷ್ಯರ ಮೇಲೆ ಬಿತ್ತು ಅಂತ ಕಾರ್ಬೆಟ್ ಬರೀತಾರೆ. ತಪ್ಪಿದ ಒಂದು ಗುಂಡಿನ ಬೆಲೆ ಕೊಟ್ಟವರು ಹುಲ್ಲು ಕೊಯ್ಯೋಕೆ, ಸೊಪ್ಪು ತರೋಕೆ ಹೋದ ಹೆಂಗಸರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಮಹಾರಾಜರ ಬೇಟೆಯ ಕಾಡು ಕಾಯ್ದ ಕಾಡಾಯಿತು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದೂ ಅಪರಾಧ. ಹಾಗಂತ ಪ್ರಶ್ನೆ ಮುಗಿದಿಲ್ಲ. 2019ರಲ್ಲಿ ನಮ್ಮ ತಾಲ್ಲೂಕಿನ ಚೌಡಹಳ್ಳಿ, ಹುಂಡೀಪುರದ ಕಡೆ ಹುಲಿ ಇಬ್ಬರು ರೈತರನ್ನು ಕೊಂದಾಗ "ಹೊಡೆದು ಹಾಕಿ" ಅನ್ನೋ ಕೂಗು ಜೋರಾಗಿತ್ತು. ಮನೆ ಮಂದಿ ಕತ್ತಲಾಗೋಕೆ ಮುಂಚೆ ಬಾಗಿಲು ಹಾಕಿಕೊಳ್ಳುವಾಗ ಹಾಗನ್ನಿಸೋದು ತಪ್ಪು ಅಂತ ನಾನಂತೂ ಹೇಳಲಾರೆ. ಅಕ್ಟೋಬರ್ 13ರಂದು ಅರವಳಿಕೆ ಕೊಟ್ಟು ಆ ಹುಲಿಯನ್ನು ಜೀವಂತ ಹಿಡಿದರು.

ಅರವಳಿಕೆಯ ಡಾರ್ಟ್ ಕೂಡ ಒಂದು ಗುಂಡೇ, ತಲೆಕೆಳಗಾದ ಗುಂಡು. ಸೂಜಿ, ಔಷಧಿ, ಹಿಂದೆ ಒಂದು ಕುಚ್ಚು. ಮದ್ದಿನ ಬದಲು ಅನಿಲದ ಒತ್ತಡ. ದೂರ ನೋಡಿ ಒತ್ತಡ ತಿರುಗಿಸಬೇಕು. ಕಡಿಮೆಯಾದರೆ ತಲುಪಲ್ಲ, ಜಾಸ್ತಿಯಾದರೆ ಮೂಳೆ ಮುರಿಯುತ್ತೆ. ಪ್ರಾಣಿಯ ತೂಕ ಕಣ್ಣಳತೆಯಲ್ಲೇ ಅಂದಾಜಿಸಿ ಔಷಧಿ ತುಂಬಬೇಕು. ತಾಕಿದ ಮೇಲೂ ಹುಲಿ ಕೂಡಲೇ ಬೀಳಲ್ಲ. ಕೆಲವು ನಿಮಿಷ ಪೊದೆಯೊಳಗೆ ಹೋಗುತ್ತೆ, ಹಿಂದೆ ಯಾರಾದರೂ ಹೋಗಲೇಬೇಕು. 400 ಮೀಟರಿನಿಂದ ಈ ಕೆಲಸ ಆಗೋದಿಲ್ಲ, ಹತ್ತಿರ ಹೋಗಬೇಕು.

ನಮ್ಮ ಟೀಮಿನವನಿಗೆ ಕೊನೆಗೆ ಬರೆದೆ: ನಮ್ಮ ಕಡೆ ಈಗ ಕುಚ್ಚು ಇರೋ ಗುಂಡು ಬಳಸ್ತಾರೆ, ತೂಕ ಅಳತೆ ಎಲ್ಲ ನಿನ್ನಷ್ಟೇ ಜೋಪಾನವಾಗಿ ನೋಡ್ತಾರೆ ಅಂತ. "ಎಷ್ಟು ದೂರಕ್ಕೆ?" ಅಂತ ಉತ್ತರ ಬಂತು. ಮೂವತ್ತು ಮೀಟರ್ ಆಸುಪಾಸು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಬರೆದ: "ಅಷ್ಟು ಹತ್ತಿರ ಹೋಗೋ ಧೈರ್ಯ ನನಗಿಲ್ಲ ಮಾರಾಯ."